ಅಕ್ಕ ಓದಿ ಹೇಳದ ಸಾಲು

ಆ ಜಪಾನಿ ಸಿನಿಮಾವನ್ನು ನಾನು ನೋಡಿದೆ ಅಷ್ಟೇ, ಓದಿದವಳು ಅಕ್ಕ. ಪರದೆಯ ಕೆಳಗೆ ಇಂಗ್ಲಿಷ್ ಸಾಲುಗಳು ಬಂದು ಹೋಗುತ್ತಿದ್ದವು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಮೆಲ್ಬರ್ನ್ ಹತ್ತಿರದ ಡ್ಯಾಂಡಿನಾಂಗಿನ ಗೋದಾಮಿನಲ್ಲಿ ಡಬ್ಬಗಳ ಮೇಲೆ ಬರೆದದ್ದನ್ನು ಓದುತ್ತೇನೆ: ಯಾವ ಬದಿ ಮೇಲಿರಬೇಕು, ಯಾವುದು ಒಡೆಯುತ್ತದೆ, ಯಾವುದು ಪರ್ತ್‌ಗೆ, ಯಾವುದು ಅಡಿಲೇಡ್‌ಗೆ. ಡಬ್ಬ ಪಾಪ ನಿಂತಲ್ಲೇ ನಿಂತಿರುತ್ತದೆ. ಸಿನಿಮಾದ ಸಾಲು ನಿಲ್ಲುವುದಿಲ್ಲ. ಮೊದಲ ಶಬ್ದ ಕೂಡಿಸಿಕೊಳ್ಳುವಷ್ಟರಲ್ಲಿ ಮಾಯ. ಹಾಗಾಗಿ ಸಿಡ್ನಿಯ ಆ ಲೈಬ್ರರಿ ಹಾಲ್‌ನಲ್ಲಿ, ಭಾನುವಾರ ಮಧ್ಯಾಹ್ನ, ಅಕ್ಕ ನನ್ನ ಕಿವಿಗೆ ಬಾಗಿ ಒಂದೊಂದೇ ಸಾಲನ್ನು ನಮ್ಮ ಧಾರವಾಡದ ಮಾತಿನಲ್ಲಿ ಹೇಳುತ್ತ ಹೋದಳು. ಎರಡು ತಾಸು ಹೇಳಿದಳು. ಒಂದು ಕಡೆ ಮಾತ್ರ ಇದ್ದದ್ದನ್ನು ಹೇಳಲಿಲ್ಲ.

ಅದಾಗಿ ಅರ್ಧ ತಾಸಿಗೆ ನಾನು ವೇದಿಕೆ ಹತ್ತಿ ಅವಳಿಗೆ ದ್ರೋಹ ಮಾಡಿದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರೂ ಇದರಲ್ಲಿಲ್ಲ. ಯಾಕೆಂಬುದು ಕೊನೆಯಲ್ಲಿ ಬರುತ್ತದೆ.

ನಮ್ಮಪ್ಪ ಧಾರವಾಡದಲ್ಲಿ ತಬಲಾ ಕಟ್ಟುತ್ತಿದ್ದ. ಬಾರಿಸುವವನಲ್ಲ, ಕಟ್ಟುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಚರ್ಮ ನೆನೆಹಾಕುವುದು, ಕೂದಲು ಕೆರೆಯುವುದು, ಅಂಚು ಹೆಣೆಯುವುದು, ಬಾರು ಎಳೆದು ಬಿಗಿಯುವುದು ಎಲ್ಲವೂ ಅಲ್ಲೇ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ. ಒಂದೇ ಕೆಲಸ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಡೆಯುತ್ತಿತ್ತು. ತಬಲಾದ ನಡುವೆ ಕಪ್ಪು ಚಂದ್ರನಂತೆ ಕಾಣುತ್ತದಲ್ಲ, ಅದಕ್ಕೆ ಶಾಯಿ ಎನ್ನುತ್ತೇವೆ. ಅದನ್ನು ಕೂಡ್ರಿಸುವ ಕೆಲಸ ಅದು. ಗಂಜಿಯಲ್ಲಿ ಕಬ್ಬಿಣದ ಕರಿ ಪುಡಿ ಕಲಸಿ, ಬೆರಳಿನಿಂದ ತೆಳ್ಳಗೆ ಹಚ್ಚಿ, ನುಣುಪು ಕಲ್ಲಿನಿಂದ ತಿಕ್ಕಬೇಕು. ಒಣಗುವವರೆಗೂ ತಿಕ್ಕಬೇಕು. ಆಮೇಲೆ ಮತ್ತೊಂದು ಪದರ, ಮೊದಲಿನದಕ್ಕಿಂತ ಕೂದಲೆಳೆಯಷ್ಟು ಸಣ್ಣದು. ಹೀಗೆ ಪದರದ ಮೇಲೆ ಪದರ. ತಿಕ್ಕುತ್ತ ತಿಕ್ಕುತ್ತ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಬೀಳುತ್ತವೆ. ಆ ಬಿರುಕಿನಿಂದಲೇ ನಾದ. ಬಿರುಕು ಹೆಚ್ಚಾದರೆ ಶಾಯಿ ಉದುರುತ್ತದೆ, ಬೀಳದಿದ್ದರೆ ತಬಲಾ ಹಲಗೆ ಬಡಿದಂತೆ ಕೇಳುತ್ತದೆ.

ಈ ಕೆಲಸ ಮಗನಿಗೆ ಮಾತ್ರ. ಮಗಳು ಬೇರೆ ಮನೆಗೆ ಹೋಗುವವಳು, ಅವಳ ಜೊತೆ ಮನೆಯ ಕೈಕೆಲಸವೂ ಹೋಗುತ್ತದೆ ಎಂದು ನಮ್ಮಜ್ಜ ಹಾಕಿದ ಕಟ್ಟು. ಅಪ್ಪ ಅದನ್ನು ಮುರಿಯಲಿಲ್ಲ. ಅವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನೇ ಅಡುಗೆ ಮಾಡುತ್ತಿದ್ದಳು, ಶಾಯಿಯ ಗಂಜಿಯನ್ನೂ ಅವಳೇ ಕಾಸಿ ಒಳಕೋಣೆಯ ಬಾಗಿಲಲ್ಲಿ ಇಡುತ್ತಿದ್ದಳು. ಗಂಜಿ ಇಟ್ಟು ಹೋಗುತ್ತಿದ್ದಳು ಎಂದು ಅಪ್ಪ ತಿಳಿದಿದ್ದ. ಅವಳು ಹೋಗುತ್ತಿರಲಿಲ್ಲ, ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

ನನಗೆ ಹದಿನಾರು ತುಂಬಿದಾಗ ಅಪ್ಪನ ಬಲಗೈ ನಡುಗಲು ಶುರುವಾಯಿತು. ಅಜ್ಜನ ಕಾಲದ ತಿಕ್ಕುವ ಕಲ್ಲನ್ನು ನನ್ನ ಕೈಗಿಟ್ಟ. ಅಂಗೈಯಷ್ಟು ಕರಿ ಕಲ್ಲು, ಒಂದು ಬದಿಗೆ ಹೆಬ್ಬೆರಳು ಊರಿ ಊರಿ ಬಿದ್ದ ಕುಳಿ. ನಾನು ಮಾಡಿದ ಮೊದಲ ಶಾಯಿ ಬತ್ತಿದ ಕೆರೆಯ ತಳದಂತೆ ಸೀಳಿತು. ಎರಡನೆಯದು ಉದುರಿತು. ಮೂರನೆಯದನ್ನು ಅಪ್ಪ ಬೆರಳಿನಿಂದ ಒಮ್ಮೆ ತಟ್ಟಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅಪ್ಪ ಚರ್ಮ ತರಲು ಮೀರಜಿಗೆ ಹೋದ. ನಾನು ಒಳಕೋಣೆಯಲ್ಲಿ ಕಲ್ಲು ಹಿಡಿದು ಕೂತಿದ್ದೆ, ಅಳು ಬಂದಿತ್ತು. ಅಕ್ಕ ಬಂದಳು, ರೊಟ್ಟಿ ಹಿಟ್ಟಿನ ಕೈ.

"ಸರಿ ಅತ್ತಾಗ," ಅಂದಳು.

"ನೀ ಮುಟ್ಟಬಾರದು, ಅಕ್ಕಾ. ಅಪ್ಪ..."

"ಅಪ್ಪ ಮೀರಜ್‌ನ್ಯಾಗ ಅದಾನ. ಸರಿ ಅಂದ್ನೆಲ್ಲ."

ಕೈ ತೊಳೆದುಕೊಂಡು ಕೂತಳು. ಕಲ್ಲಿನ ಕುಳಿಯಲ್ಲಿ ಅವಳ ಹೆಬ್ಬೆರಳು ಹೋಗಿ ಕೂತ ಬಗೆ ನನಗಿನ್ನೂ ನೆನಪಿದೆ, ಅವಳಿಗೇ ಅಂತ ಕಡೆದ ಹಾಗೆ. ಸಂಜೆಯ ಹೊತ್ತಿಗೆ ಮುಗಿಸಿದಳು. ಕೊನೆಯ ಪದರವೊಂದನ್ನು ಮಾತ್ರ ನನಗೆ ಬಿಟ್ಟಳು.

"ಇದನ್ನ ನೀ ಹಚ್ಚು. ಅಪ್ಪ ಬಂದಾಗ ನಿನ್ನ ಬೆರಳ ಕರ್ರಗ ಇರಬೇಕು."

ತನ್ನ ಕೈಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದುಕೊಂಡು ಒಲೆಯ ಮುಂದೆ ಕೂತಳು. ಅಪ್ಪ ಬಂದ, ತಬಲಾ ತಟ್ಟಿದ, ಕಿವಿ ಹತ್ತಿರ ಒಯ್ದ, ಮತ್ತೆ ತಟ್ಟಿದ. ಆಮೇಲೆ ನನ್ನ ಕರಿ ಬೆರಳುಗಳನ್ನು ಹಿಡಿದು ನೋಡಿದ.

"ಕೈ ಕೂಡ್ತು ನೋಡು ನನ್ನ ಮಗಂದು!" ಎಂದು ಜೋರಾಗಿ ಹೇಳಿದ. ಒಳಗೆ ರೊಟ್ಟಿ ಬಡಿಯುವ ಸದ್ದು ಅರೆಗಳಿಗೆ ನಿಂತು ಮತ್ತೆ ಶುರುವಾಯಿತು.

ಹೀಗೆ ನಾಲ್ಕು ವರ್ಷ ನಡೆಯಿತು. ಹುಬ್ಬಳ್ಳಿ, ಬೆಳಗಾವಿ, ಪುಣೆಯಿಂದ ಬಾರಿಸುವವರು ಬಂದರು. "ಅಪ್ಪನಕಿಂತ ಮಗನ ಕೈ ಮ್ಯಾಲ" ಎಂದರು. ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಆಮೇಲೆ ಅಕ್ಕನಿಗೆ ಬೆಳಗಾವಿಯ ಹುಡುಗ ನಿಶ್ಚಯವಾದ. ಮದುವೆಯಾಗಿ ಅವಳು ಹೋದ ಮರುವಾರ ಅಪ್ಪ ಕಲ್ಲನ್ನು ನನಗೆ ಮತ್ತೆ ಕೊಟ್ಟ. ಹೆಬ್ಬೆರಳಿನ ಕುಳಿ ಇರಲಿಲ್ಲ.

"ಕುಳಿ ಬಿದ್ದ ಕಲ್ಲು ಒಂದ ಕಡೆ ಒತ್ತತೈತಿ. ತಿಕ್ಕಿಸಿ ಸಾಪ ಮಾಡಿಸೀನಿ," ಅಂದ.

ನಾನು ನಂಬಿದೆ. ನನ್ನ ಶಾಯಿ ಮತ್ತೆ ಕೆಟ್ಟಿತು. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಅಪ್ಪ ಅವರಿಗೆ ಹೇಳುತ್ತಿದ್ದ, "ಹವಾ ಬದಲಾಗೇತ್ರಿ, ಶಾಯಿ ಹಿಡಿವಲ್ದು." ನನ್ನ ಮುಖ ನೋಡಿ ಹೇಳುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದೆ. ನನ್ನ ಹೆಂಡತಿ ನರ್ಸ್. ಅವಳಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು, ಅವಳಿಗೆ ಸಿಕ್ಕ ಕಾಯಂ ವಾಸದ ವೀಸಾದ ಮೇಲೆ ನಾನೂ ಮಗಳೂ ಬಂದೆವು. ಅಕ್ಕ ಅದಕ್ಕೂ ಮೊದಲೇ ಗಂಡನ ಜೊತೆ ಸಿಡ್ನಿಗೆ ಬಂದಿದ್ದಳು. ಭಾವ ಅಲ್ಲಿ ಎಂಜಿನಿಯರ್. ಅವರ ಗೆಳೆಯರ ನಡುವೆ ನಮ್ಮದು "ಸಂಗೀತದ ಮನೆತನ". ಚರ್ಮ ನೆನೆಹಾಕಿದ ತೊಟ್ಟಿಯ ವಾಸನೆ ಆ ಮಾತಿಗೆ ಇರುವುದಿಲ್ಲ.

ಊರಿನಿಂದ ಬರುವಾಗ ನಾನು ಒಂದೇ ಒಂದು ತಬಲಾ ತಂದಿದ್ದೆ. ಯಾರೋ ದೊಡ್ಡ ಕಲಾವಿದರಿಗೆಂದು ಮಾಡಿದ್ದು. ಒಯ್ಯುವ ಮೊದಲೇ ಅವರು ತೀರಿಕೊಂಡಿದ್ದರು. ಅಪ್ಪ ಅದನ್ನು ಯಾರಿಗೂ ಕೊಡದೆ ಹಳೇ ಧೋತರದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದ. ಅದರ ಶಾಯಿ ಅಕ್ಕನದು. ಕೊನೆಯ ಪದರ ನನ್ನದು.

ಮೆಲ್ಬರ್ನ್‌ನಲ್ಲಿ ನಾನು ಗ್ಯಾರೇಜಿನಲ್ಲಿ ಕೂತು ರಿಪೇರಿ ಮಾಡುತ್ತೇನೆ. ಬಾರು ಬದಲಿಸುವುದು, ಊರಿನಿಂದ ತರಿಸಿದ, ಶಾಯಿ ಹಾಕಿದ ಸಿದ್ಧ ಚರ್ಮದ ಮುಚ್ಚಿಗೆ ಕೂಡ್ರಿಸುವುದು, ಇಷ್ಟೇ. ಹಾಗೆ ಬಂದವರಲ್ಲಿ ಒಬ್ಬರು ಇಲ್ಲಿ ಮಕ್ಕಳಿಗೆ ತಬಲಾ ಹೇಳಿಕೊಡುವ ಬೆಂಗಳೂರಿನ ಮೇಷ್ಟ್ರು. ಮೂಲೆಯಲ್ಲಿದ್ದ ಧೋತರದ ಗಂಟನ್ನು ಅವರೇ ಬಿಚ್ಚಿದರು. ಒಂದು ಸಲ ಬಾರಿಸಿದರು. ಗ್ಯಾರೇಜಿನ ತಗಡಿನ ಬಾಗಿಲು ಗುಂಯ್ ಎಂದಿತು.

"ಸಾರ್! ಇದ್ಯಾರ್ ಸಾರ್ ಶಾಯಿ ಹಾಕಿದ್ದು? ಗಂಟೆ ಹೊಡ್ದಂಗಿದೆ!"

ನಾನು ಬಾರು ಎಳೆಯುತ್ತಿದ್ದೆ.

"ನೀವೇನಾ?"

"ಹೂಂ," ಅಂದೆ.

ಅಷ್ಟೇ. ಒಂದು ಅಕ್ಷರ. ಹದಿನಾರನೇ ವಯಸ್ಸಿನಿಂದ ಆ ಸುಳ್ಳು ನನ್ನ ಬಾಯಲ್ಲಿ ಎಷ್ಟು ಹಳತಾಗಿತ್ತು ಎಂದರೆ, ಅದನ್ನು ಹೇಳಲು ನಾನು ತಲೆ ಎತ್ತಲೂ ಇಲ್ಲ.

ಮೇಷ್ಟ್ರು ಅದನ್ನು ಸಿಡ್ನಿಯ ತಮ್ಮ ಗೆಳೆಯರಿಗೆ ಹೇಳಿದರು. ಆ ಗೆಳೆಯರು ತಿಂಗಳಿಗೊಮ್ಮೆ ಲೈಬ್ರರಿಯಲ್ಲಿ ಹಳೇ ಸಿನಿಮಾ ತೋರಿಸುತ್ತಾರೆ. ಆ ಸಲದ್ದು ಕಪ್ಪು ಬಿಳುಪಿನ ಜಪಾನಿ ಚಿತ್ರ, ನಾಟಕದ ಮುಖವಾಡ ಕೆತ್ತುವ ಮನೆತನದ್ದು. ಸಿನಿಮಾ ಆದ ಮೇಲೆ ಅಂಥದೇ ಮನೆತನದ ಒಬ್ಬರು ಮಾತಾಡಲಿ ಎಂದು ಅವರಿಗೆ ಆಸೆ. "ಬನ್ನಿ ಸಾರ್, ಆ ತಬಲಾ ತಗೊಂಡ್ ಬನ್ನಿ, ನಾನ್ ಬಾರಿಸ್ತೀನಿ, ನೀವ್ ಶಾಯಿ ಬಗ್ಗೆ ಹೇಳಿ. ಟ್ರಾನ್ಸ್‌ಲೇಟ್ ನಾನ್ ಮಾಡ್ತೀನಿ," ಎಂದರು ಮೇಷ್ಟ್ರು. ಬರುವುದಿಲ್ಲ ಎನ್ನಬಹುದಿತ್ತು. ಗೋದಾಮಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳುವವರು ಸಿಕ್ಕಾಗ ಹೋಗಬೇಕು ಅನ್ನಿಸಿತು. ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಅವಳು ಖುಷಿಯಾದಳು. "ಯಾವ ತಬಲಾ ತರತಿ?" ಎಂದು ಕೇಳಿದಳು. ಅಟ್ಟದ ಮೇಲಿನದು ಎಂದೆ. "ಛಲೋ ಆತು. ನನಗೂ ನೋಡಬೇಕಿತ್ತು," ಅಂದಳು.

ಶನಿವಾರ ಸಿಡ್ನಿಗೆ, ಗಿರಾವೀನ್‌ನ ಅವಳ ಮನೆಗೆ ಹೋದೆ. ಭಾನುವಾರ ಬೆಳಿಗ್ಗೆ ಚಹಾದ ಕಪ್ ತೊಳೆಯಲು ಸಿಂಕಿನ ಹತ್ತಿರ ನಿಂತೆ. ಕಿಟಕಿಯ ಕಟ್ಟೆಯ ಮೇಲೆ, ಕೊತ್ತಂಬರಿ ಕುಂಡದ ಪಕ್ಕ, ಕರಿ ಕಲ್ಲೊಂದು ಇತ್ತು. ಕುಂಡ ವಾಲದಂತೆ ಅದನ್ನು ಆನಿಸಿ ಇಟ್ಟಿದ್ದಳು. ಎತ್ತಿ ನೋಡಿದೆ. ಒಂದು ಬದಿಗೆ ಹೆಬ್ಬೆರಳಿನ ಕುಳಿ.

"ಇದೆಲ್ಲಿಂದ ಬಂತು ನಿನ್ನ ಹತ್ರ?"

ಅಕ್ಕ ಒಲೆಯ ಕಡೆಯಿಂದ ತಿರುಗಿದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಮುಚ್ಚಿಡುವ ಮನುಷ್ಯಳಲ್ಲ ಅವಳು.

"ಅಪ್ಪ ಕೊಟ್ಟದ್ದು. ಮದುವಿ ದಿನ, ಟ್ರಂಕಿನ ತಳಕ್ಕ ಇಟ್ಟಿದ್ದ, ಸೀರಿ ಕೆಳಗ."

"ಹಂಗಾರ ನನಗ ಕೊಟ್ಟಿದ್ದು?"

"ಅದು ಯಾವುದೋ ಹೊಳ್ಯಾಗಿನ ಕಲ್ಲು."

"ಅಪ್ಪಗ ಗೊತ್ತಿತ್ತಾ?"

"ಅಪ್ಪ ಏನ್ ಕಿವುಡ ಇದ್ದನೇನೋ ತಮ್ಮಾ?" ಎಂದು ನಕ್ಕಳು. ನಾನು ನಗದಿದ್ದುದನ್ನು ನೋಡಿ, "ಮೊದಲನೇ ದಿನಾನ ಗೊತ್ತಾಗಿತ್ತು ಅವಗ. ಟ್ರಂಕ್ ಮುಚ್ಚುವಾಗ ಅಷ್ಟ ಹೇಳಿದ, ಇದು ನಿಂದು ಅಂತ. ಮತ್ತೇನೂ ಹೇಳಲಿಲ್ಲ. ಚಾ ಇನ್ನೊಂಚೂರು ಹಾಕ್ಲಾ?"

ಬೇಡ ಎಂದೆ. ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತೆ. ನನಗೆ ಆಗ ಅನ್ನಿಸಿದ್ದನ್ನು ಇದ್ದಂತೆ ಬರೆಯಬೇಕು, ಇಲ್ಲದಿದ್ದರೆ ಇದನ್ನು ಬರೆದು ಉಪಯೋಗವಿಲ್ಲ. ನಾಚಿಕೆಯಾಗಲಿಲ್ಲ. ಮೋಸ ಹೋದೆ ಅನ್ನಿಸಿತು. ಮೋಸ ಮಾಡಿದವನು ನಾನು, ಆದರೂ ನನಗೇ ಮೋಸವಾಯಿತು ಅನ್ನಿಸಿತು. "ಕೈ ಕೂಡ್ತು ನೋಡು ನನ್ನ ಮಗಂದು" ಎಂದು ಅಪ್ಪ ಜೋರಾಗಿ ಹೇಳಿದ್ದು ನನಗಲ್ಲ, ಒಳಗೆ ರೊಟ್ಟಿ ಬಡಿಯುತ್ತಿದ್ದವಳಿಗೆ ಕೇಳಲೆಂದು. ನನಗೆ ಅಂಗಡಿ ಕೊಟ್ಟ, ಅವಳಿಗೆ ಕಲ್ಲು ಕೊಟ್ಟ. ನನ್ನ ಕೈಗೆ ಹೊಳೆಯ ಕಲ್ಲಿಟ್ಟು, ನಾನು ಅದನ್ನು ಅಜ್ಜನದೆಂದು ಕಣ್ಣಿಗೊತ್ತಿಕೊಂಡದ್ದನ್ನು ನೋಡುತ್ತ ಕೂತಿದ್ದ. ಅವರಿಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಮನೆಯಲ್ಲಿ ನಾನೊಬ್ಬನೇ. ಸತ್ತವನ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬರುವುದಿಲ್ಲ. ಬದುಕಿದವಳು ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾಡುತ್ತಿದ್ದಳು.

ಕಾರಿನಲ್ಲಿ ಅಕ್ಕ ಕೇಳಿದಳು, "ಏನ್ ಹೇಳಾಂವ ಇವತ್ತ?"

"ಅಪ್ಪನ ಬಗ್ಗೆ."

"ಅಪ್ಪನ ಬಗ್ಗೆ ಅಷ್ಟನಾ?"

ನಾನು ಕಿಟಕಿಯ ಹೊರಗೆ ನೋಡಿದೆ. ಹಿಂದಿನ ಸೀಟಿನಲ್ಲಿದ್ದ ಅವಳ ಮಗಳು ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ಕೂತಿದ್ದಳು.

ಸಿನಿಮಾ ಶುರುವಾಯಿತು. ಒಬ್ಬ ಮುದುಕ, ಇಬ್ಬರು ಮಕ್ಕಳು. ಹಿರಿಯವನು ವಾರಸುದಾರ. ಮುಖವಾಡದ ಹಿಂದೆ ಮನೆಯ ಮುದ್ರೆ ಒತ್ತುವ ಹಕ್ಕು ಅವನಿಗೆ ಮಾತ್ರ. ಆದರೆ ಅವನ ಉಳಿ ಮರವನ್ನು ಸೀಳುತ್ತದೆ, ಮುಖ ಮೂಡಿಸುವುದಿಲ್ಲ. ತಮ್ಮ ಕೆತ್ತಿ ಕೊಡುತ್ತಾನೆ, ಅಣ್ಣ ಒಯ್ದು ಅಪ್ಪನ ಮುಂದಿಡುತ್ತಾನೆ. ಅಕ್ಕ ಇದನ್ನೆಲ್ಲ ಹೇಳುತ್ತಿದ್ದಳು, ಆಗಾಗ ಒಗ್ಗರಣೆಯನ್ನೂ ಹಾಕುತ್ತಿದ್ದಳು. "ತಮ್ಮಗ ಲಗ್ನ ಮಾಡ್ತಾರಂತ, ದೂರದ ಊರಿಗೆ ಮನಿಅಳಿಯ ಆಗಿ ಹೋಗಬೇಕಂತ... ಹೋಗಾಂಗಿಲ್ಲ ಅನ್ನಾಕತ್ತಾನ... ಈ ಮುದುಕ ಎಷ್ಟ ಸಾವಕಾಶ ನಡೀತಾನ ಮಾರಾಯ, ಸಿನಿಮಾ ಮುಗಿಯೂದ್ರಾಗ ಬಾಗಲಾ ಮುಟ್ಟತಾನೋ ಇಲ್ಲೋ." ನನಗೆ ನಗು ಬರಲಿಲ್ಲ. ಇದು ನಮ್ಮನೆ ಕಥೆಯಂತೆ ಇದೆ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕತ್ತಲಲ್ಲಿ ಅಕ್ಕಪಕ್ಕ ಕೂತವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ತಮ್ಮ ಮನೆ ಬಿಟ್ಟು ಹೋಗುತ್ತಾನೆ. ಅವನು ಕೆತ್ತಿಟ್ಟು ಹೋದ ಕೊನೆಯ ಮುಖವಾಡವನ್ನು ಅಣ್ಣ ಅಪ್ಪನ ಕೈಗೆ ಕೊಡುತ್ತಾನೆ. ಮುದುಕ ಅದರ ಮುಖ ನೋಡುವುದೇ ಇಲ್ಲ. ಮಗುಚಿ ಹಿಡಿದು, ಒಳಮೈಯ ಮೇಲೆ ಹೆಬ್ಬೆರಳು ಆಡಿಸುತ್ತಾನೆ. ತುಂಬ ಹೊತ್ತು ಆಡಿಸುತ್ತಾನೆ. ಆಮೇಲೆ ತಲೆ ಎತ್ತದೆ ಏನೋ ಹೇಳುತ್ತಾನೆ. ಕೆಳಗೆ ಎರಡು ಸಾಲು ಉದ್ದಕ್ಕೆ ಬಂದು ನಿಂತವು.

ಅಕ್ಕ ಸುಮ್ಮನಿದ್ದಳು.

"ಏನಂತಾನ?" ಎಂದೆ.

"ಛಲೋ ಆಗೇತಿ ಅಂತಾನ," ಅಂದಳು.

ಅಷ್ಟು ಸಣ್ಣ ಮಾತಿಗೆ ಅಷ್ಟುದ್ದ ಸಾಲು ಯಾಕೆ ಎಂದು ನನಗೆ ಹೊಳೆಯಬೇಕಿತ್ತು. ಪರದೆಯ ಮೇಲೆ ಮಗ ಹಣೆ ನೆಲಕ್ಕೆ ಹಚ್ಚಿ ಅಳುತ್ತಿದ್ದ. ಹೊಗಳಿಕೆಗೆ ಅಳುತ್ತಿದ್ದಾನೆ ಎಂದುಕೊಂಡೆ.

ದೀಪ ಹಾಕಿದರು. ಮೇಷ್ಟ್ರು ನನ್ನನ್ನು ವೇದಿಕೆಗೆ ಕರೆದು, ಪರಂಪರೆ, ಮನೆತನ, ತಂದೆಯಿಂದ ಮಗನಿಗೆ ಎಂದೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಆ ತಬಲಾ ಬಾರಿಸಿದರು. ಒಂದೇ ಪೆಟ್ಟು, ಅದರ ನಾದ ಪೂರ್ತಿ ಆರುವವರೆಗೆ ಕೈ ಎತ್ತಿ ಹಿಡಿದಿದ್ದರು. ಹಾಲ್‌ನಲ್ಲಿ ಕೆಮ್ಮಿದವರಿಲ್ಲ. ಮೂರನೇ ಸಾಲಿನಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ತನ್ನ ಕೈಯ ನಾದ ಕೇಳುತ್ತಿದ್ದಳು.

ನಾನು ಪದರದ ಬಗ್ಗೆ, ತಿಕ್ಕುವ ಬಗ್ಗೆ, ಬಿರುಕಿನ ಬಗ್ಗೆ ಹೇಳಿದೆ. ಜನ ತಲೆದೂಗಿದರು. ಮುಂದಿನ ಸಾಲಿನ ಒಬ್ಬ ಬಿಳಿ ಹೆಂಗಸು, ವಯಸ್ಸಾದವರು, ಕೈ ಎತ್ತಿ ಏನೋ ಕೇಳಿದರು.

ಮೇಷ್ಟ್ರು ನನಗೆ ಹೇಳಿದರು, "ಸಾರ್, ಸಿನಿಮಾ ನೋಡಿ ಅವ್ರಿಗೆ ಒಂದು ಡೌಟ್ ಬಂತಂತೆ. ನಿಮ್ಮನೇಲಿ ಬೇರೆ ಯಾರಾದ್ರೂ ಈ ಕೆಲಸ ಮಾಡ್ತಿದ್ರಾ, ಹೆಣ್ಮಕ್ಕಳು ಯಾರಾದ್ರೂ, ಅಂತ."

ಅಕ್ಕ ಕಣ್ಣು ತೆರೆದಳು. ನನ್ನನ್ನೇ ನೋಡಿದಳು. ಬೇಡುವ ನೋಟವಲ್ಲ ಅದು. ಬಾಗಿಲು ತೆರೆದಿಟ್ಟು ಪಕ್ಕಕ್ಕೆ ಸರಿದು ನಿಂತವರ ನೋಟ.

ನನಗೆ ಕಿಟಕಿಯ ಕಟ್ಟೆಯ ಮೇಲಿನ ಕಲ್ಲು ಕಂಡಿತು.

"ಇಲ್ರಿ," ಅಂದೆ. "ನಮ್ಮಕ್ಕ ಗಂಜಿ ಕಾಸಿ ಕೊಡ್ತಿದ್ಲು, ಅಷ್ಟ. ಅದನ್ನೂ ಒಮ್ಮೊಮ್ಮೆ ಹೊತ್ತಿಸ್ತಿದ್ಲು."

ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತಂದರು. ಹಾಲ್ ನಕ್ಕಿತು. ಕೆಟ್ಟ ನಗೆಯಲ್ಲ, ಪ್ರೀತಿಯ ನಗೆ. ಅಕ್ಕ ಅಲ್ಲೇ ಕೂತಿದ್ದಾಳೆಂದು ಮೇಷ್ಟ್ರು ತೋರಿಸಿದರು. ಎಲ್ಲರೂ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವಳೂ ಎರಡು ಸಲ ಕೈ ತಟ್ಟಿದಳು. ಅವಳು ಒಂದು ದಿನವೂ ಗಂಜಿ ಹೊತ್ತಿಸಿದವಳಲ್ಲ.

ಮನೆಗೆ ಬಂದ ಮೇಲೆ ಅವಳ ಮಗಳು ಕೇಳಿದಳು, "ಮಮ್, ಯೂ ಮೇಡ್ ದ ಗ್ಲೂ?"

"ಹೂಂ," ಅಂದಳು ಅಕ್ಕ. "ಗ್ಲೂ."

ಊಟಕ್ಕೆ ಬಡಿಸಿದಳು, ಏನೂ ಕಡಿಮೆ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಚೀಲಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಆಮೇಲೆ ಕಿಟಕಿಯ ಕಟ್ಟೆಯಿಂದ ಕಲ್ಲನ್ನು ತೆಗೆದು, ಒರೆಸಿ, ಚಟ್ನಿ ಡಬ್ಬಿಯ ಪಕ್ಕ ಇಟ್ಟಳು. ಕೊತ್ತಂಬರಿ ಕುಂಡ ಒಂದು ಬದಿಗೆ ವಾಲಿತು.

"ಅಕ್ಕಾ, ಇದು ಬ್ಯಾಡ."

"ಒಯ್ಯಿ. ಗಂಜಿ ಕಾಸಾಕ ಕಲ್ಲು ಬೇಕಾಗೂದಿಲ್ಲ."

ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ಕಾಲು ಹಿಡಿಯುತ್ತಿದ್ದೆನೇನೋ. ಲೆಕ್ಕ ಮುಗಿದವರಂತೆ ಹೇಳಿದಳು. ನಾನು ಚೀಲದ ಜಿಪ್ ಎಳೆದೆ.

ಏರ್‌ಪೋರ್ಟಿನಲ್ಲಿ ಚೀಲ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಸೆಕ್ಯೂರಿಟಿಯ ಹುಡುಗಿ ಕಲ್ಲನ್ನು ಹೊರತೆಗೆದು, ತಿರುಗಿಸಿ ನೋಡಿ, ಇದೇನು ಎಂದು ಕೇಳಿದಳು. "ಸ್ಟೋನ್," ಅಂದೆ. ಯಾತಕ್ಕೆ, ಯಾರದು ಎಂದು ಕೇಳಿದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅದು ಇಂಗ್ಲಿಷಿನ ತೊಂದರೆ ಮಾತ್ರವಲ್ಲ. ಹಿಂದೆ ನಿಂತವರು ಬೂಟು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಅವಳು ಮತ್ತೊಬ್ಬನನ್ನು ಕರೆದು ತೋರಿಸಿದಳು. ಅವನು ನನ್ನ ಮುಖವನ್ನೂ ರೊಟ್ಟಿಯನ್ನೂ ನೋಡಿ, ಹೋಗಲಿ ಬಿಡು ಎಂದು ಕೈ ಆಡಿಸಿದ.

ಗ್ಯಾರೇಜಿನಲ್ಲಿ ಒಂದು ದಿನ ಗಂಜಿ ಕಾಸಿ, ಪುಡಿ ಕಲಸಿ, ಆ ಕಲ್ಲು ಹಿಡಿದು ಕೂತೆ. ನನ್ನ ಹೆಬ್ಬೆರಳು ಆ ಕುಳಿಯಲ್ಲಿ ಕೂಡುವುದಿಲ್ಲ. ದಪ್ಪ. ಹೊರಗೇ ಉಳಿಯುತ್ತದೆ.

ಅಕ್ಕ ಫೋನ್ ಎತ್ತುವುದನ್ನು ಬಿಟ್ಟಳು. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುತ್ತಿದ್ದ ಅವಳ ಹೂವಿನ ಚಿತ್ರ ನಿಂತಿತು. ಭಾವ ಮಾತ್ರ, "ಆಕಿಗೆ ಆರಾಮಿಲ್ಲ, ಆಮ್ಯಾಲ ಮಾಡ್ತಾಳ," ಎನ್ನುತ್ತಿದ್ದರು. ಆರಾಮಿಲ್ಲದವಳು ಶಾಲೆಯ ಕ್ಯಾಂಟೀನಿನ ಕೆಲಸಕ್ಕೆ ಹೋಗುತ್ತಿದ್ದುದು ನನಗೆ ಗೊತ್ತಿತ್ತು. ಆ ಕ್ಯಾಂಟೀನಿನಲ್ಲೇ ಅವಳು ಇಂಗ್ಲಿಷ್ ಕಲಿತದ್ದು, ನನಗೆ ಸಿನಿಮಾ ಓದಿ ಹೇಳುವಷ್ಟು.

ಆ ಎರಡು ಉದ್ದ ಸಾಲು ನನ್ನನ್ನು ಬಿಡಲಿಲ್ಲ. ನಮ್ಮ ಸಬರ್ಬ್‌ನ ಲೈಬ್ರರಿಯಲ್ಲಿ ಕೇಳಿದೆ, ಡಿವಿಡಿ ತರಿಸಿಕೊಟ್ಟರು. ಮಗಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡೆ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವುದು ಕಷ್ಟ. ಮುದುಕ ಮುಖವಾಡ ಮಗುಚುವ ಜಾಗಕ್ಕೆ ಓಡಿಸಿ, ನಿಲ್ಲಿಸು ಎಂದೆ. ಅವಳು ಓದಿ, ತಡೆದು ತಡೆದು ಕನ್ನಡದಲ್ಲಿ ಹೇಳಿದಳು.

"ಅವ್ನು ಹೇಳ್ತಾನೆ... ಒಳಗೆ ಇರೋ ಉಳಿ ಮಾರ್ಕ್ಸ್ ನಿಂದಲ್ಲ. ನಾನು ಯಾರಿಗೂ ಹೇಳಲ್ಲ. ಹೇಳೋದು... ಇಟ್ಸ್ ಅಪ್ ಟು ಯೂ. ನಿನಗೆ ಬಿಟ್ಟಿದ್ದು."

"ಛಲೋ ಆಗೇತಿ ಅನ್ನೂದಿಲ್ಲೇನು?"

"ನೋ ಪಪ್ಪಾ. ದಟ್ಸ್ ನಾಟ್ ದೇರ್."

ಅಕ್ಕ ಅದನ್ನು ಯಾಕೆ ನುಂಗಿದಳು ಎಂದು ಆಗ ತಿಳಿಯಿತು. ಆ ಸಾಲನ್ನು ಅವಳು ನನ್ನ ಕಿವಿಯಲ್ಲಿ ಹೇಳಿದ್ದರೆ, ಅದು ಮುದುಕನ ಮಾತಾಗುತ್ತಿರಲಿಲ್ಲ, ಅವಳ ಮಾತಾಗುತ್ತಿತ್ತು. ವೇದಿಕೆಯ ಮೇಲೆ ನಾನು ನಿಜ ಹೇಳಿದರೂ ಅವಳು ಹೇಳಿಸಿದ್ದಾಗುತ್ತಿತ್ತು. ನಾನಾಗಿಯೇ ಹೇಳಲಿ ಎಂದು ಬಿಟ್ಟಳು. ಒಳಕೋಣೆಯಲ್ಲಿ 'ನಿನ್ನ ಬೆರಳ ಕರ್ರಗ ಇರಬೇಕು' ಎಂದು ಕೊನೆಯ ಪದರ ಬಿಟ್ಟಂತೆಯೇ ಬಿಟ್ಟಳು.

ಮೇಷ್ಟ್ರಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು, "ಓಹ್, ಹೌದಾ? ಪರವಾಗಿಲ್ಲ ಬಿಡಿ ಸಾರ್, ಫ್ಯಾಮಿಲಿನೇ ಅಲ್ವಾ," ಎಂದು, ರಿಪೇರಿಗೆ ಕೊಟ್ಟಿದ್ದ ಡಗ್ಗಾದ, ಎಂದರೆ ಎಡಗೈಯ ತಬಲಾದ, ಬಾರು ಯಾವಾಗ ಸಿದ್ಧವಾಗುತ್ತದೆ ಎಂದು ಕೇಳಿದರು. ನನಗೆ ಹಗುರಾಗಲಿಲ್ಲ. ಇದನ್ನು ಬರೆದು ಕನ್ನಡ ಸಂಘದ ವರ್ಷದ ಸಂಚಿಕೆಗೆ ಕೊಡಬೇಕೆಂದು ಆಮೇಲೆ ಅನ್ನಿಸಿತು. ಆ ಹಾಲ್‌ನಲ್ಲಿದ್ದ ನಮ್ಮವರಲ್ಲಿ ಹಲವರ ಮನೆಗೆ ಅದು ಹೋಗುತ್ತದೆ.

ಕೊಡುವ ಮೊದಲು ಅಕ್ಕನಿಗೆ ಮೆಸೇಜ್ ಮಾಡಿದೆ: ಬರೆದಿದ್ದೇನೆ, ನಿನಗೆ ಓದಿ ಹೇಳಬೇಕು. ಎರಡು ದಿನದ ಮೇಲೆ ಅವಳೇ ಫೋನ್ ಮಾಡಿದಳು. ಇಲ್ಲಿಯವರೆಗಿನದನ್ನು ಓದಿದೆ. ಈ ಸಲ ಓದಿದವನು ನಾನು, ಕೇಳಿದವಳು ಅವಳು. ಆಗ ಇದರಲ್ಲಿ ಹೆಸರುಗಳಿದ್ದವು, ನಡುವೆ ಒಂದೇ ಸಲ ಬಾಯಿ ಹಾಕಿದಳು. "ಹೆಸರು ಹಾಕಬ್ಯಾಡ. ಅಪ್ಪನ ಹೆಸರು ಬಂದ್ರ ಮಂದಿ ಅವನ್ನ ಬೈತಾರ."

ಓದಿ ಮುಗಿಸಿದೆ. ಅವಳ ಕಡೆ ಕುಕ್ಕರ್ ಕೂಗಿತು.

"ಅವತ್ತ ನೀ ಯಾಕ ಸುಮ್ಮನಿದ್ದಿ ಅಕ್ಕಾ? ಅಲ್ಲೇ ಎದ್ದು ಹೇಳಬೇಕಿತ್ತು, ನಂದು ಅದು ಅಂತ."

"ಇಷ್ಟ ವರ್ಷ ನೀ ಹೇಳ್ತಿ ಅಂತ ಕುಂತೀನಿ. ನಾ ಯಾಕ ಹೇಳ್ಲಿ?"

"ಈಗ ಬರದೀನೆಲ್ಲ."

"ಬರಿಯೂದು ಸಸಾರ. ಹಾಳಿ ನಿನ್ನ ಮುಖ ನೋಡೂದಿಲ್ಲ. ನಗಿಸಿದ್ದು ಎಲ್ಲೆ?"

"ಹಾಲ್‌ನ್ಯಾಗ."

"ಹಂಗಾರ ಅಲ್ಲೆ ಹೇಳು."

ಫೋನ್ ಇಟ್ಟಳು.

ಮೇಷ್ಟ್ರ ಸಿಡ್ನಿ ಗೆಳೆಯರ ಮುಂದಿನ ಸಿನಿಮಾ ಬರುವ ತಿಂಗಳ ಭಾನುವಾರ. ಶುರುವಾಗುವ ಮೊದಲು ನನಗೆ ಮಾತಾಡಲು ಐದು ನಿಮಿಷ ಕೊಡುತ್ತಾರಂತೆ. ವಿಮಾನದ ಟಿಕೆಟ್ ಬುಕ್ ಮಾಡಿದ್ದೇನೆ. ಅಕ್ಕ ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಇಲ್ಲ. ತನ್ನ ಮನೆಯಲ್ಲಿ ಇಳಿದುಕೋ ಎಂದಂತೂ ಹೇಳಿಲ್ಲ. ಕಲ್ಲನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಏರ್‌ಪೋರ್ಟಿನಲ್ಲಿ ಮತ್ತೆ ಹಿಡಿದು ಕೇಳುತ್ತಾರೆ. ಅದಕ್ಕೆ ಏನು ಹೇಳಬೇಕೆಂದು ಮಗಳು ಒಂದು ಚೀಟಿಯಲ್ಲಿ ಇಂಗ್ಲಿಷ್ ಸಾಲುಗಳನ್ನು ಬರೆದುಕೊಟ್ಟಿದ್ದಾಳೆ. ಗೋದಾಮಿನಲ್ಲಿ ಡಬ್ಬ ಎತ್ತುವಾಗ, ಬಸ್ಸಿನಲ್ಲಿ ಕೂತಾಗ, ಅದನ್ನೇ ಬಾಯಿಪಾಠ ಮಾಡುತ್ತಿದ್ದೇನೆ. ಇದು ನಮ್ಮ ಅಕ್ಕನದು. ಅವಳು ಇದರಿಂದ ಕೆಲಸ ಮಾಡುತ್ತಿದ್ದಳು. ನಾನು ತಿರುಗಿ ಕೊಡಲು ಹೋಗುತ್ತಿದ್ದೇನೆ.